ಹನ್ನೆರಡನೇ ಅಧ್ಯಾಯದಲ್ಲಿ ಬಸ್ಸಿಳಿದವನು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಇಪ್ಪತ್ತಾರು ವರ್ಷಗಳ ಹಿಂದೆ ಕೊಲೆಯಾಗಿದ್ದ ಗಿರಣಿ ಯಜಮಾನ ಬಸ್ಸಿನಿಂದ ಇಳಿದನೆಂದು ಊರಿನ ಬಸ್ ನಿಲ್ದಾಣದ ಧ್ವನಿವರ್ಧಕ ಸಾರಿತು.

ಆ ಧ್ವನಿವರ್ಧಕವನ್ನು ಊರು ಎಷ್ಟರಮಟ್ಟಿಗೆ ನಂಬುತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರ ಹಿಂದೆ ಕೂರುತ್ತಿದ್ದ ಕಂಟ್ರೋಲರ್, ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬ ವಿಷಯದಲ್ಲಿ ಆಗಾಗ ಎಡವುತ್ತಿದ್ದ. ಅವನ ಮಾತು ಕೇಳಿ ಕೆಲಸದ ಸಂದರ್ಶನಕ್ಕೆ ಹೊರಟ ಒಬ್ಬಾತ, ತಾನು ವರ್ಷಗಟ್ಟಲೆ ತಪ್ಪಿಸಿಕೊಂಡು ತಿರುಗುತ್ತಿದ್ದ ಅತ್ತೆಯ ಮನೆಯೆದುರು ಹೋಗಿ ಇಳಿದಿದ್ದ. ಆದರೆ ಯಾರು ಬಂದರು, ಯಾವ ಬಸ್ಸು ಬಂತು ಎಂಬುದರಲ್ಲಿ ಮಾತ್ರ ಅವನು ತಪ್ಪಿದ ಉದಾಹರಣೆ ಇರಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಿದ್ದ, ಕಂಡದ್ದನ್ನು ಹೇಳುತ್ತಿದ್ದ. ಹೋಗುವುದಕ್ಕೆ ಅವನನ್ನು ನಂಬಬೇಡಿ, ಬರುವುದಕ್ಕೆ ನಂಬಿ ಎಂಬುದು ಊರಿನ ತೀರ್ಮಾನವಾಗಿತ್ತು.

ಈ ಕಂಟ್ರೋಲರ್ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ. ಅದರ ವಿಷಯ ಊರಿನ ಹಳೆಯ ಕೊಲೆ.

ಹಳೆಯ ಕೊಲೆಯ ಸಂಗತಿ ಇಷ್ಟು. ಮಾರುಕಟ್ಟೆ ಬೀದಿಯ ಹಿಟ್ಟಿನ ಗಿರಣಿಯ ಯಜಮಾನ ಒಂದು ಬೆಳಿಗ್ಗೆ ಕಾಣೆಯಾದ. ಊರಾಚೆಯ ಕಲ್ಲುಗಣಿ ಹೊಂಡದ ದಂಡೆಯಲ್ಲಿ ಅವನ ಅಂಗಿ ಮತ್ತು ಒಂದು ಚಪ್ಪಲಿ ಸಿಕ್ಕವು. ಪೊಲೀಸರು ಹೊಂಡ ಜಾಲಾಡಿದರು. ಒಂದು ಸೈಕಲ್ಲು ಮೇಲೆ ಬಂತು, ಶವ ಬರಲಿಲ್ಲ. ಹಿಂದಿನ ಸಂಜೆ ಗಿರಣಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವೆಂದು ಯಜಮಾನನಿಗೂ ಬಡಗಿಗೂ ಬೀದಿಯಲ್ಲೇ ಜಗಳವಾಗಿತ್ತು. ಆಗ ಬಡಗಿಯ ಕೈಯಲ್ಲಿ ಉಳಿಯಿತ್ತು. ಬಡಗಿಗಳ ಕೈಯಲ್ಲಿ ಉಳಿ ಇರುವುದು ಸಹಜ ಎಂದು ಪೊಲೀಸರು ಅವನನ್ನು ಬಿಟ್ಟರು. ಊರು ಬಿಡಲಿಲ್ಲ.

ಊರು ಅವನಿಗೆ ಕೆಲಸ ಕೊಟ್ಟಿತು ನಿಜ. ಬೇಲಿ, ಗಾಡಿ, ಹಿತ್ತಿಲ ಗೇಟು, ಎಲ್ಲ ಹೊರಗಿನ ಕೆಲಸ. ಮನೆಯೊಳಗೆ ಒಬ್ಬರೂ ಕರೆಯಲಿಲ್ಲ. ಅವನು ಸುತ್ತಿಗೆ ಎತ್ತಿದರೆ ಎದುರಿಗಿದ್ದವರು ಬೆನ್ನು ತಿರುಗಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತ ಮಾತಾಡುತ್ತಿದ್ದರು. ಹೀಗೆ ಹಿಂದೆ ನಡೆದು ಒಬ್ಬರು ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಾಗ, ಅದನ್ನೂ ಬಡಗಿಯ ಲೆಕ್ಕಕ್ಕೇ ಬರೆದರು.

ಬಡಗಿ ಕಂಟ್ರೋಲರನ ಸ್ವಂತ ಅಕ್ಕನ ಗಂಡ. ಭಾವನ ಮೇಲಿನ ಕಳಂಕವನ್ನು ತೊಳೆದೇ ತೀರುತ್ತೇನೆಂದು ಕಂಟ್ರೋಲರ್ ಕಾದಂಬರಿ ಹಿಡಿದು ಕೂತ. ಹಳೆಯ ಕೊಲೆಯೊಂದನ್ನು ಪತ್ತೇದಾರನೊಬ್ಬ ಮತ್ತೆ ತೆರೆಯುತ್ತಾನೆ, ನಿರಪರಾಧಿ ನಿರಪರಾಧಿಯೆಂದು ಸಾಬೀತಾಗುತ್ತದೆ, ಊರು ತಲೆ ತಗ್ಗಿಸುತ್ತದೆ. ಯೋಜನೆಯಲ್ಲಿ ಒಂದು ಕುಂದೂ ಇರಲಿಲ್ಲ. ಯಾರಿಗೂ ಗುರುತು ಸಿಗಬಾರದೆಂದು ಗಿರಣಿಯನ್ನು ಎಣ್ಣೆ ಗಾಣ ಮಾಡಿದ, ಬಡಗಿಯನ್ನು ಕಮ್ಮಾರ ಮಾಡಿದ. ಬಸ್ಸುಗಳ ನಡುವೆ ಬಿಡುವಾದಾಗ ಬರೆದ. ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ಯಾವ ಬಸ್ಸೂ ಇಲ್ಲದ್ದರಿಂದ, ಬರೆದದ್ದನ್ನು ಆಗ ಮೈಕಿನಲ್ಲಿ ಓದತೊಡಗಿದ.

ಮೊದಲ ದೂರು ಕೊಟ್ಟವನು ಗಿರಣಿಯ ಈಗಿನ ಯಜಮಾನ, ಅಂದರೆ ಸತ್ತವನ ತಮ್ಮ. ಸದ್ದು ತಡೆಯಲಾಗುತ್ತಿಲ್ಲ ಎಂಬುದು ಅವನ ದೂರು. ದಿನವಿಡೀ ಹಿಟ್ಟಿನ ಗಿರಣಿ ಓಡಿಸುವವನು ಸದ್ದಿನ ಬಗ್ಗೆ ಪೊಲೀಸು ಠಾಣೆಗೆ ಹೋದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ವಿಚಾರಣೆಗೆ ಬಂದ ದಫೇದಾರ ನಾಲ್ಕನೇ ಅಧ್ಯಾಯವನ್ನು ನಿಂತು ಕೇಳಿದ, ಐದನೆಯದನ್ನು ಕುರ್ಚಿ ಹಾಕಿಸಿಕೊಂಡು ಕೇಳಿದ, ಆಮೇಲೆ ಪ್ರತಿದಿನ ವಿಚಾರಣೆಗೆ ಬಂದ.

ತೊಂದರೆ ಆರಂಭವಾದದ್ದು ಆರನೇ ಅಧ್ಯಾಯದಲ್ಲಿ. ಕೊಲೆಯ ದಿನ ಕಮ್ಮಾರ ಪರವೂರಿನಲ್ಲಿದ್ದ ಎಂದು ಎರಡನೇ ಅಧ್ಯಾಯದಲ್ಲಿ ಬರೆದದ್ದು ಕಂಟ್ರೋಲರನಿಗೆ ಮರೆತುಹೋಗಿತ್ತು. ಹೊಂಡದ ದಂಡೆಯಲ್ಲಿ ಚಪ್ಪಲಿ ನೋಡಲು ಯಾರಾದರೊಬ್ಬರು ಬೇಕಿತ್ತು. ಕೈಗೆ ಸಿಕ್ಕ ಕಮ್ಮಾರನನ್ನೇ ಕಳಿಸಿದ. ಸುಮ್ಮನೆ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಕೈಗೊಂದು ಸುತ್ತಿಗೆ ಕೊಟ್ಟ. ಎಂಟನೇ ಅಧ್ಯಾಯದಲ್ಲಿ ಆ ಸುತ್ತಿಗೆಯ ಮೇಲೆ ಕೆಂಪು ಕಲೆಗಳು ಕಾಣಿಸಿಕೊಂಡವು. ಒಂಬತ್ತರಲ್ಲಿ ಪತ್ತೇದಾರ ಪ್ರಶ್ನೆ ಕೇಳಿದಾಗ ಕಮ್ಮಾರ ಬೆವರಿದ. ಕುಲುಮೆಯ ಮುಂದೆ ಕೂತಿದ್ದರಿಂದ ಬೆವರಿದ್ದ. ಅದನ್ನು ಹೇಳುವುದರೊಳಗೆ ಮೂರೂವರೆಯ ಬಸ್ಸು ಬಂದಿತ್ತು.

"ಬೆವರಿದ!" ಎಂದಳು ನಿಲ್ದಾಣದ ಚಹಾ ಅಂಗಡಿಯವಳು, ಸೋಸುತ್ತಿದ್ದ ಚಹಾವನ್ನು ಲೋಟದ ಹೊರಗೆ ಸೋಸುತ್ತ. "ಕೇಳಿದ್ರಾ? ಬೆವರಿದನಂತೆ!"

"ಕಮ್ಮಾರ ಅಂದ್ರೆ ಯಾರು ಅಂತ ಹಾಲು ಕುಡಿಯೋ ಮಗೂಗೂ ಗೊತ್ತು," ಎಂದ ದಫೇದಾರ.

"ಸ್ವಂತ ಭಾವ ಅಂತಾನೂ ನೋಡ್ಲಿಲ್ಲ ನೋಡಿ ಸಾಹೇಬ್ರೇ. ನ್ಯಾಯ ಅಂದ್ರೆ ನ್ಯಾಯ ಅಂದ್ಬಿಟ್ಟ. ಎದೆಗಾರಿಕೆ ಬೇಕು ಅದಕ್ಕೆ."

ಹೀಗೆ, ಭಾವನನ್ನು ಉಳಿಸಲು ಹೊರಟವನನ್ನು ಭಾವನನ್ನು ಹಿಡಿದುಕೊಟ್ಟದ್ದಕ್ಕಾಗಿ ಊರು ಕೊಂಡಾಡತೊಡಗಿತು. ದಾರಿಯಲ್ಲಿ ಸಿಕ್ಕವರು ಕಂಟ್ರೋಲರನ ಕೈ ಕುಲುಕಿದರು. ಅವನು ಯಾಕೆಂದು ತಿಳಿಯದೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ.

ಅದೇ ವಾರ ಬಡಗಿಗೆ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಒಳಗಿನ ಕೆಲಸ ಸಿಗುವುದರಲ್ಲಿತ್ತು: ಶಾಲೆಯ ಬೆಂಚುಗಳು. ಶಾಲಾ ಸಮಿತಿಯ ಅಧ್ಯಕ್ಷ ಬಡಗಿಯ ಅಂಗಡಿಗೆ ಬಂದು, ಹೊಸ್ತಿಲಾಚೆಯೇ ನಿಂತು, ಮೃದುವಾಗಿ ವಿಷಯ ತಿಳಿಸಿದ.

"ನಾವು ಏನೂ ನಂಬಿಲ್ಲ. ಆದ್ರೆ ಮಕ್ಕಳು ಕೂರೋ ಬೆಂಚು ನೋಡಿ. ಒಂಬತ್ತನೇ ಅಧ್ಯಾಯ ಆದಮೇಲೆ ಸಹಿ ಹಾಕೋದು ಕಷ್ಟ. ಕಾದಂಬರಿ ಮುಗೀಲಿ, ಆಮೇಲೆ ಕೂತು ಮಾತಾಡೋಣ."

"ಕೂರೋಕೆ ಬೆಂಚು ಬೇಕಲ್ಲ," ಎಂದ ಬಡಗಿ. ಅಧ್ಯಕ್ಷ ಹಿಂದಕ್ಕೆ ನಡೆಯುತ್ತ ಹೊರಟುಹೋದ.

ಮರುದಿನ ಬಡಗಿಯ ಹೆಂಡತಿ ನಿಲ್ದಾಣದ ವಿಚಾರಣೆ ಕಿಟಕಿಗೆ ಬಂದಳು. ತಮ್ಮನಾದರೂ ಸರತಿಯಲ್ಲಿ ನಿಂತು, ತನ್ನ ಸರದಿ ಬಂದಮೇಲೆ ಬಾಯಿ ತೆರೆದಳು.

"ಲೋ, ನಿನಗೆ ನನ್ನ ಮೇಲೆ ಚಿಕ್ಕಂದಿಂದ ಏನಾದ್ರೂ ಸಿಟ್ಟಿದೆಯೇನೋ?"

"ಇಲ್ಲಕ್ಕ. ಯಾಕೆ?"

"ಮತ್ತೆ ಸುತ್ತಿಗೆಗೆ ರಕ್ತ ಯಾಕೆ ಹಚ್ಚಿದೆ?"

"ಅದು ರಕ್ತ ಅಲ್ಲಕ್ಕ, ತುಕ್ಕು."

"ತುಕ್ಕು ಅಂತ ಎಲ್ಲಿ ಬರ್ದಿದೀಯ?"

"ಬರೀಬೇಕು ಅಂತಿದ್ದೆ. ಅಷ್ಟರಲ್ಲಿ ಒಂದು ಬಸ್ಸಿನ ಟೈರು ಒಡೀತು."

"ಟೈರು ಒಡೆದಿದ್ದಕ್ಕೆ ನನ್ನ ಗಂಡ ಕೊಲೆಗಾರ ಆದ್ನಾ?"

ಅವಳ ಹಿಂದೆ ನಿಂತಿದ್ದ ಪ್ರಯಾಣಿಕ ಕತ್ತು ಮುಂದೆ ಚಾಚಿದ. "ಅಮ್ಮಾ, ಸ್ವಲ್ಪ ಬೇಗ. ನನ್ನ ಬಸ್ಸು—"

"ತಡೀರಿ. ನನ್ನ ಗಂಡ ಕೊಂದಿದಾನೋ ಇಲ್ವೋ ಅಂತ ವಿಚಾರಣೆ ನಡೀತಿದೆ ಇಲ್ಲಿ. ಬೋರ್ಡ್ ಓದಿಲ್ವಾ, 'ವಿಚಾರಣೆ' ಅಂತ?"

"ಹಾಗಾದ್ರೆ ಕೇಳಿ, ಕೇಳಿ," ಎಂದ ಪ್ರಯಾಣಿಕ, ಚೀಲ ಕೆಳಗಿಟ್ಟು. "ಬಸ್ಸು ನಾಳೇನೂ ಬರುತ್ತೆ."

"ಇವತ್ತಿಗೆ ನಿಲ್ಲಿಸಿಬಿಡು," ಎಂದಳು ಅಕ್ಕ. "ನೀನು ಬರೆಯೋದೂ ಬೇಡ, ಉದ್ಧಾರ ಮಾಡೋದೂ ಬೇಡ. ಇಪ್ಪತ್ತಾರು ವರ್ಷ ಊರು ಬಾಯಲ್ಲಿ ಅಂತಿತ್ತು. ಈಗ ಮೈಕಲ್ಲಿ ಅನ್ನೋ ಹಾಗೆ ಮಾಡಿದೀಯ."

ಕಂಟ್ರೋಲರನ ಗೊಂದಲಗಳ ಬಗ್ಗೆ ಊರಿನಲ್ಲಿ ಕಥೆಗಳು ಬೇಕಾದಷ್ಟಿವೆ. ಆದರೆ ಆಗ ಅವನು ಹೇಳಿದ ಮಾತಿನಲ್ಲಿ ಗೊಂದಲವಿರಲಿಲ್ಲ. ಕೇಳಿದವರಿಬ್ಬರೂ, ಅಂದರೆ ಅಕ್ಕ ಮತ್ತು ಪ್ರಯಾಣಿಕ, ಅದನ್ನು ಒಂದೇ ರೀತಿ ಹೇಳುತ್ತಾರೆ.

"ಈಗ ನಿಲ್ಲಿಸಿದ್ರೆ ಭಾವ ಆ ಹೊಂಡದ ದಂಡೆ ಮೇಲೆ ಸುತ್ತಿಗೆ ಹಿಡ್ಕೊಂಡು ಹಾಗೇ ನಿಂತುಬಿಡ್ತಾನಕ್ಕ. ಅಲ್ಲಿ ನಿಲ್ಲಿಸಿದೋನು ನಾನು. ಮನೆಗೆ ಕರ್ಕೊಂಡು ಬರೋನೂ ನಾನೇ ಆಗಬೇಕು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಷ್ಟು ಅಧ್ಯಾಯ ಬೇಕು?"

"ಮೂರು."

"ಎರಡು. ಮೂರನೇದಕ್ಕೆ ನಾನೇ ಸುತ್ತಿಗೆ ತಗೊಂಡು ಬರ್ತೀನಿ."

ಬಡಗಿ ಮಾತ್ರ ಪ್ರತಿದಿನ ನಿಲ್ದಾಣದ ಕೊನೆಯ ಕಲ್ಲುಬೆಂಚಿನಲ್ಲಿ ಕೂತು ಅಷ್ಟೂ ಅಧ್ಯಾಯಗಳನ್ನು ಕೇಳಿದ್ದ. ಅವನ ಎರಡೂ ಪಕ್ಕ ಖಾಲಿ ಇರುತ್ತಿತ್ತು. ಒಮ್ಮೆ ಮಾತ್ರ ಕಿಟಕಿಯ ಹತ್ತಿರ ಬಂದು ಹೇಳಿದ:

"ಕಮ್ಮಾರ ಎಡಗೈಲಿ ಸುತ್ತಿಗೆ ಹಿಡೀತಾನೆ ಅಂತ ನೀನು ಓದಿದೆ. ನಾನು ಬಲಗೈ."

"ಗುರುತು ಸಿಗಬಾರದು ಅಂತ ಹಾಗೆ ಬರೆದೆ ಭಾವ."

"ಒಳ್ಳೇದು," ಎಂದು ಬಡಗಿ ಹೋಗಿ ಕೂತ.

ಹತ್ತು ಮತ್ತು ಹನ್ನೊಂದನೇ ಅಧ್ಯಾಯಗಳನ್ನು ಕಂಟ್ರೋಲರ್ ಸುತ್ತಿಗೆ ತೊಳೆಯುವುದಕ್ಕೇ ಖರ್ಚುಮಾಡಿದ. ಕಲೆಗಳು ತುಕ್ಕೆಂದು ಪತ್ತೇದಾರ ಸಾಬೀತು ಮಾಡಿದ. ಸಾಕ್ಷಿ ತೊಳೆದುಹಾಕುವವರು ಹೀಗೇ ಮಾಡುವುದು ಎಂದ ದಫೇದಾರ. ಅಕ್ಕ ಕೊಟ್ಟ ಅವಧಿ ಮುಗಿಯಿತು. ಅವಳ ಕಾಲು ಹಿಡಿದು ಇನ್ನೊಂದು ಅಧ್ಯಾಯ ಬೇಡಿಕೊಂಡ. ಆ ಹನ್ನೆರಡನೇ ಅಧ್ಯಾಯ ಬರೆದ ದಿನ, ರಸ್ತೆ ದುರಸ್ತಿಗಾಗಿ ತಡೆದಿದ್ದ ಬಸ್ಸುಗಳೆಲ್ಲ ಒಮ್ಮೆಗೇ ನಿಲ್ದಾಣಕ್ಕೆ ನುಗ್ಗಿದ್ದವು. ಒಂದು ಸಾಲು ಬರೆಯುವುದು, ಒಂದು ಬಸ್ಸು ಕೂಗುವುದು, ಮತ್ತೆ ಒಂದು ಸಾಲು. ಈ ಗಡಿಬಿಡಿಯಲ್ಲಿ ಅವನಿಗೆ ಎರಡು ವಿಷಯ ಮರೆತುಹೋದವು. ಒಂದು, ತಾನು ಗಿರಣಿಯನ್ನು ಗಾಣ ಮಾಡಿದ್ದು. ಇನ್ನೊಂದು, ಗಾಣದವನು ಮೊದಲನೇ ಅಧ್ಯಾಯದಲ್ಲೇ ಸತ್ತದ್ದು.

ಓದುವ ದಿನ ಒಂದು ಬಸ್ಸು ತಡವಾಗಿ ಮೂರೂ ಹತ್ತಕ್ಕೆ ಬಂತು. ಕಂಟ್ರೋಲರ್ ಓದು ನಿಲ್ಲಿಸಿ, ನಿಯಮದ ಪ್ರಕಾರ ಅದನ್ನು ಘೋಷಿಸಿ, ನಿಲ್ಲಿಸಿದಲ್ಲಿಂದ ಮುಂದುವರಿಸಿದ. ಊರಿಗೆ ಕೇಳಿಸಿದ್ದು ಹೀಗೆ:

"ದಯವಿಟ್ಟು ಗಮನಿಸಿ. ತಡವಾದ ಬಸ್ಸು ಈಗ ಎರಡನೇ ಅಂಕಣಕ್ಕೆ ಬಂದಿದೆ. ಗಿರಣಿ ಯಜಮಾನ ಬಸ್ಸಿನಿಂದ ಇಳಿದ. ಕೈಯಲ್ಲಿ ಹಸಿರು ಚೀಲವಿತ್ತು. ಅತ್ತಿತ್ತ ನೋಡಿ, ತಮ್ಮನ ಜೊತೆ ಲೆಕ್ಕ ಚುಕ್ತಾ ಮಾಡಲು ನೇರವಾಗಿ ಮಾರುಕಟ್ಟೆ ಬೀದಿಯ ಕಡೆ ಹೆಜ್ಜೆ ಹಾಕಿದ."

ಚಹಾ ಅಂಗಡಿಯವಳ ಕೈಯಿಂದ ಪಾತ್ರೆ ಬಿತ್ತು. ದಫೇದಾರ ಎದ್ದು ನಿಂತು, ಯಾರಿಗೆ ಸಲಾಮು ಹೊಡೆಯಬೇಕೆಂದು ತಿಳಿಯದೆ ಬಸ್ಸಿಗೇ ಹೊಡೆದ. ಮಾರುಕಟ್ಟೆ ಬೀದಿಯ ಜನ ನಿಲ್ದಾಣಕ್ಕೆ ಓಡಿದರು. ನಿಲ್ದಾಣದ ಜನ, ಅವನು ಮಾರುಕಟ್ಟೆಗೆ ಹೋದನಂತೆ ಎಂದು ಮಾರುಕಟ್ಟೆ ಬೀದಿಗೆ ಓಡಿದರು. ಎರಡೂ ಗುಂಪು ನಡುದಾರಿಯಲ್ಲಿ ಢಿಕ್ಕಿ ಹೊಡೆದು, ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಂಡು, ಒಟ್ಟಾಗಿ ನಿಲ್ದಾಣಕ್ಕೆ ಬಂದವು.

ಆ ಬಸ್ಸಿನಿಂದ ಇಳಿದವನು ಒಬ್ಬನೇ: ಸೊಳ್ಳೆ ಪರದೆ ಮಾರುವ ಒಬ್ಬ ತರುಣ. ಅವನ ಕೈಯಲ್ಲಿದ್ದ ಪರದೆಗಳು ಹಸಿರಾಗಿದ್ದವು.

"ಅವನೇ!" ಎಂದ ಶಾಲಾ ಸಮಿತಿ ಅಧ್ಯಕ್ಷ. "ಅದೇ ಮೂಗು!"

"ಆಗ ಅವನಿಗೆ ನಲವತ್ತು ದಾಟಿತ್ತು ಕಣ್ರಿ. ಇವನಿಗೆ ಮೂವತ್ತೂ ಇಲ್ಲ," ಎಂದರು ಗುಂಪಿನಲ್ಲಿ ಯಾರೋ.

"ಊರು ಬಿಟ್ಟು ನೆಮ್ಮದಿಯಾಗಿದ್ದಾನೆ, ವಯಸ್ಸು ಸ್ವಲ್ಪ ಇಳಿದಿದೆ."

"ಸ್ವಾಮಿ, ಡಬ್ಬಲ್ ಕಾಟಿಗೆ ಬೇಕಾ, ಸಿಂಗಲ್ಲಿಗೆ ಬೇಕಾ?" ಎಂದು ತರುಣ ಕೇಳಿದ.

"ದನಿ ಕೂಡ ಅದೇ," ಎಂದ ಅಧ್ಯಕ್ಷ.

ಅಷ್ಟರಲ್ಲಿ ಒಂದು ಸಂಗತಿ ಎಲ್ಲರ ಕಿವಿಗೂ ಬಿತ್ತು. ಗಿರಣಿ ನಿಂತಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಕೆಲಸದ ಹೊತ್ತಿನಲ್ಲಿ ಅದು ನಿಂತದ್ದೇ ಇಲ್ಲ. ಆ ಮೌನದೊಳಗಿಂದ ಗಿರಣಿ ಯಜಮಾನನ ತಮ್ಮ ಓಡಿಬಂದ. ತಲೆಯಿಂದ ಕಾಲಿನವರೆಗೆ ಹಿಟ್ಟು. ಮೊದಲ ನೋಟಕ್ಕೆ ಇವನೇ ಸತ್ತವನಂತೆ ಕಾಣುತ್ತಿದ್ದ.

"ಎಲ್ಲಿ? ಎಲ್ಲಿ ಅವನು?" ಎಂದು ಗುಂಪು ಸೀಳಿಕೊಂಡು ನುಗ್ಗಿದ. "ಬರಲ್ಲ ಅಂತ ಮಾತು ಕೊಟ್ಟಿದ್ದ! ಮೊನ್ನೆ ತಾನೇ ಮಾತಾಡಿದೀನಿ, ಬರೋ ಸುದ್ದೀನೇ ಎತ್ಲಿಲ್ಲ! ಲೆಕ್ಕ ಚುಕ್ತಾ ಅಂತೆ, ಯಾವ ಲೆಕ್ಕ? ತಾನೇ ಬಿಟ್ಟು ಹೋಗಿದ್ದಲ್ವಾ?"

ಗುಂಪು ಪೂರ್ತಿ ಅವನತ್ತ ತಿರುಗಿತು. ಸೊಳ್ಳೆ ಪರದೆಯವನೂ ತಿರುಗಿದ.

"ಮೊನ್ನೆ?" ಎಂದ ದಫೇದಾರ.

ತಮ್ಮ ಬಾಯಿ ಮುಚ್ಚಿಕೊಂಡ. ಬಾಯಿಂದಲೂ ಸ್ವಲ್ಪ ಹಿಟ್ಟು ಹಾರಿತು.

"ಕೊಲೆಯಾದೋರ ಜೊತೆ ಮೊನ್ನೆ ಮಾತಾಡಿದ್ರಾ?"

"ಫೋನಲ್ಲಿ," ಎಂದ ತಮ್ಮ, ಅದರಿಂದ ತಪ್ಪಿನ ತೂಕ ಕಡಿಮೆಯಾಗುತ್ತದೆಂಬಂತೆ.

"ಅವರಾಗಿ ಮಾಡಿದ್ದೋ, ನೀವಾಗಿ ಮಾಡಿದ್ದೋ?"

"ನಾನೇ. ಹೊಸ ಬೆಲ್ಟು ಎಲ್ಲಿ ಸಿಗುತ್ತೆ ಅಂತ ಕೇಳೋಕೆ. ಗಿರಣಿ ವಿಷಯ ಅಣ್ಣನಿಗೇ ಚೆನ್ನಾಗಿ ಗೊತ್ತು."

ಬಡಗಿಯ ಹೆಂಡತಿ ಗುಂಪಿನ ನಡುವಿನಿಂದ ಮುಂದೆ ಬಂದಳು. ಅವಳು ಕೂಗಾಡುತ್ತಾಳೆಂದು ಎಲ್ಲರೂ ಕಾದರು, ಅವಳು ಕೂಗಲಿಲ್ಲ.

"ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ಯಲ್ಲಪ್ಪ," ಎಂದಳು.

"ನಾನೇನು ಮಾಡ್ಲಿ ಅಕ್ಕಯ್ಯ? ಅವನು ಹೋದ ಒಂದು ತಿಂಗಳಿಗೆ ಫೋನು ಮಾಡಿದ. ಅಷ್ಟರಲ್ಲಿ ಊರೇ ಸೇರಿ ಕೊಲೆ ಅಂತ ತೀರ್ಮಾನ ಮಾಡಿಯಾಗಿತ್ತು. ಇಡೀ ಊರಿನ ಮಾತು ಮೀರೋಕೆ ನಾನ್ಯಾರು?"

ಗುಂಪಿನಲ್ಲಿದ್ದ ಹಲವರು ಸೊಳ್ಳೆ ಪರದೆಗಳ ಬೆಲೆ ವಿಚಾರಿಸತೊಡಗಿದರು.

ಎರಡು ದಿನಗಳ ನಂತರ ದಫೇದಾರ ಠಾಣೆಯ ಜೀಪಿನಲ್ಲಿ ಸತ್ತವನನ್ನು ಕರೆತಂದ. ದೂರದ ಪಟ್ಟಣವೊಂದರ ಅಂಚಿನಲ್ಲಿ ಅವನು ಹೂಗಿಡಗಳ ನರ್ಸರಿ ನಡೆಸುತ್ತಿದ್ದ. ಹೇಳಿಕೆಯಲ್ಲಿ ಅವನು ಕೊಟ್ಟ ಕಾರಣ ಚಿಕ್ಕದು: ಗಿರಣಿಯ ಸದ್ದು ತಡೆಯಲಾಗಲಿಲ್ಲ. ಆ ಬೆಳಿಗ್ಗೆ ಹೊಂಡದಲ್ಲಿ ಈಜಿದ, ಹೊಸ ಅಂಗಿ ಹಾಕಿಕೊಂಡ, ಒಂದು ಚಪ್ಪಲಿ ಸಿಗಲಿಲ್ಲ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಲಾರಿ ಹತ್ತಿದ. ತನ್ನ ಕೊಲೆಗೆ ಬಡಗಿಯನ್ನು ಹೊಣೆ ಮಾಡಿದ್ದನ್ನು ತಮ್ಮ ಒಮ್ಮೆಯೂ ಹೇಳಿರಲಿಲ್ಲವಂತೆ. ಇದನ್ನು ದಫೇದಾರ ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಿ ಖಚಿತಪಡಿಸಿಕೊಂಡ.

ಠಾಣೆಯ ಮುಂದೆ ಬಡಗಿ ಮತ್ತು ಗಿರಣಿಯ ಹಳೆಯ ಯಜಮಾನ ಎದುರುಬದುರಾದರು. ಊರು ಸುತ್ತಲೂ ನೆರೆದಿತ್ತು. ಬಡಗಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ದಪ್ಪ ಆಗಿದೀಯ," ಎಂದ.

"ನೀನು ತುಂಬ ಇಳಿದುಹೋಗಿದೀಯ," ಎಂದ ಸತ್ತವನು, ಮತ್ತು ಅತ್ತುಬಿಟ್ಟ.

"ಆ ಬಾಗಿಲು ಸರಿಯಾಗೇ ಇತ್ತು ಕಣಯ್ಯ. ನಿನ್ನ ಗೋಡೆ ಸೊಟ್ಟ," ಎಂದ ಬಡಗಿ. ಅವನ ಹೆಂಡತಿ ಅವನ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಈಗ ಊರಿಗೆ ಉಳಿದದ್ದು ಒಂದೇ ಕೆಲಸ, ಕಂಟ್ರೋಲರನನ್ನು ಹೊಗಳುವುದು. ಅಪರಾಧಿಯನ್ನು ಬಿಲದಿಂದ ಹೊರಗೆಳೆಯಲು ಹನ್ನೆರಡು ಅಧ್ಯಾಯಗಳ ಬಲೆ ಹೆಣೆದ ಮಹಾಬುದ್ಧಿ ಎಂದು ಅಧ್ಯಕ್ಷ ಭಾಷಣ ಮಾಡಿದ. ತಡವಾದ ಬಸ್ಸು ಬರುವ ಕ್ಷಣಕ್ಕೇ ಆ ಸಾಲು ಹೊಂದಿಸಿದ್ದು ಹೇಗೆ ಎಂದು ದಫೇದಾರ ಗುಟ್ಟಾಗಿ ಕೇಳಿದ, ಮೇಲಧಿಕಾರಿಗಳಿಗೆ ವರದಿ ಕಳಿಸಬೇಕಿತ್ತು.

"ಹೊಂದಿಸಲಿಲ್ಲ ಸಾಹೇಬ್ರೇ," ಎಂದ ಕಂಟ್ರೋಲರ್. "ಅವನು ಸತ್ತಿದ್ದು ನನಗೆ ಮರೆತುಹೋಗಿತ್ತು."

ದಫೇದಾರ ಕಣ್ಣು ಮಿಟುಕಿಸಿದ. "ಗೊತ್ತು ಬಿಡಿ. ದೊಡ್ಡೋರು ಹೀಗೇ ಹೇಳೋದು."

"ನಿಜವಾಗ್ಲೂ ಮರೆತಿತ್ತು."

"ಹಾಗೇ ಬರ್ಕೋತೀನಿ," ಎಂದ ದಫೇದಾರ, ಮತ್ತು 'ವ್ಯವಸ್ಥಿತ ಪೂರ್ವಯೋಜನೆ' ಎಂದು ಬರೆದುಕೊಂಡ.

ಕಂಟ್ರೋಲರ್ ಅಧ್ಯಕ್ಷನಿಗೂ ಅದನ್ನೇ ಹೇಳಿದ, ಚಹಾ ಅಂಗಡಿಯಲ್ಲೂ ಅದನ್ನೇ ಹೇಳಿದ. ಸಾಲದೆಂದು ಮೈಕಿನಲ್ಲಿ, ಎರಡು ಬಸ್ಸುಗಳ ನಡುವೆ, ದಯವಿಟ್ಟು ಗಮನಿಸಿ ಎಂದು ಆರಂಭಿಸಿ, ತಾನು ಮರೆತದ್ದರಿಂದ ಇದೆಲ್ಲ ಆಯಿತೆಂದೂ, ಆರರಿಂದ ಒಂಬತ್ತರವರೆಗಿನ ಅಧ್ಯಾಯಗಳಲ್ಲಿ ಭಾವನಿಗೆ ಅನ್ಯಾಯ ಮಾಡಿದ್ದೇನೆಂದೂ, ಕ್ಷಮೆ ಇರಲೆಂದೂ ಸಾರಿದ. ಇಷ್ಟು ಹೊಗಳಿಕೆ ಬಾಗಿಲಿಗೆ ಬಂದಾಗ ಹೀಗೆ ವಾಪಸು ಕಳಿಸಿದವರು ಆ ಊರಿನ ಇತಿಹಾಸದಲ್ಲಿ ಬೇರೆ ಯಾರೂ ಸಿಗುವುದಿಲ್ಲ. ಅಕ್ಕ ಅಂದು ನಿಲ್ದಾಣಕ್ಕೆ ಊಟದ ಡಬ್ಬಿ ತಂದು, ಅವನು ಉಂಡು ಮುಗಿಸುವವರೆಗೆ ಕಿಟಕಿಯಲ್ಲಿ ತಾನೇ ನಿಂತು ಬಸ್ಸುಗಳನ್ನು ಕೂಗಿದಳು. ಒಂದೂ ತಪ್ಪಲಿಲ್ಲ.

"ಅದೆಲ್ಲ ಸರಿ," ಎಂದಳು ಚಹಾ ಅಂಗಡಿಯವಳು ಮರುದಿನ. "ಹಾಗಾದ್ರೆ ಗಾಣದವನ್ನ ಕೊಂದಿದ್ದು ಯಾರು?"

"ಗಾಣದವ ಸತ್ತೇ ಇಲ್ಲ ಕಣಮ್ಮ. ಬದುಕಿದಾನೆ, ನೋಡಿದ್ರಲ್ಲ," ಎಂದ ಕಂಟ್ರೋಲರ್.

"ಬದುಕಿರೋದು ಗಿರಣಿಯವನು. ನಾನು ಕೇಳ್ತಿರೋದು ಗಾಣದವನ್ನ. ಹನ್ನೆರಡು ದಿನ ಚಹಾ ಕೆಡಿಸ್ಕೊಂಡು ಕೇಳಿದೀನಿ, ಸುಮ್ನೆ ಬಿಡ್ತೀನಾ?"

ಊರಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಬಡಗಿ ಅಂಗಡಿ ತೆರೆದಾಗ ಮುಂದೆ ಒಂದು ಸಾಲು ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮುರಿದ ಕುರ್ಚಿ, ಸ್ಟೂಲು, ಮಂಚದ ಕಾಲು. ಕೆಲವು ನಿಜವಾಗಿ ಹಳೆಯವು. ಅಧ್ಯಕ್ಷ ತಂದಿದ್ದ ಮೇಜು ಹಿಂದಿನ ಸಂಜೆಯವರೆಗೆ ಗಟ್ಟಿಮುಟ್ಟಾಗಿತ್ತೆಂದೂ, ಅದರ ಕಾಲು ಮುರಿಯಲು ಅವನೂ ಅವನ ಮಗನೂ ಸಾಕಷ್ಟು ಕಷ್ಟಪಟ್ಟರೆಂದೂ ಪಕ್ಕದ ಮನೆಯವರು ತಿಳಿಸಿದ್ದಾರೆ.

ಬಡಗಿ ಸಾಲನ್ನು ಕೊನೆಯವರೆಗೂ ನೋಡಿದ. ಯಾರೂ ಹಿಂದಕ್ಕೆ ನಡೆಯಲಿಲ್ಲ.

"ಇದನ್ನೆಲ್ಲ ಇಲ್ಲಿ ಬಿಟ್ರೆ ನಾನು ಎಲ್ಲಿ ನಿಲ್ಲಲಿ?" ಎಂದ. "ಮನೇಲೇ ಇಡಿ. ನಾನೇ ಒಬ್ಬೊಬ್ಬರ ಮನೆಗೆ ಬರ್ತೀನಿ."

ಸಾಲಿನಲ್ಲಿದ್ದವರು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ವಾಪಸು ಹೋದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಡಗಿ ಹತಾರಗಳ ಚೀಲ ಹೆಗಲಿಗೇರಿಸಿಕೊಂಡು ಮಾರುಕಟ್ಟೆ ಬೀದಿಯ ಮೊದಲ ಮನೆಯ ಒಳಗೆ ಹೋದ.